ಮೈಕಲ್ ಒಂಡಾಚಿ: ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಒಂಡಾಚಿ ಯಾರು? ಶ್ರೀಲಂಕಾದವರೋ, ಕೆನಡಾದವರೋ?

ಕೆನಡಾದ ಕಾದಂಬರಿಕಾರ ಮತ್ತು ಕವಿ. ಹುಟ್ಟೂರು ಮಾತ್ರ ಕೊಲಂಬೊ. 1943ರ ಸೆಪ್ಟೆಂಬರ್ 12ರಂದು ಹುಟ್ಟಿದಾಗ ಆ ದೇಶದ ಹೆಸರು ಸಿಲೋನ್, ಆಳುತ್ತಿದ್ದವರು ಬ್ರಿಟಿಷರು. ಡಚ್, ಸಿಂಹಳ, ತಮಿಳು ಮೂಲಗಳು ಬೆರೆತ ಬರ್ಗರ್ ಸಮುದಾಯದ ಮನೆತನ. ತಂದೆ ಮರ್ವಿನ್ ಒಂಡಾಚಿ, ತಾಯಿ ಡೋರಿಸ್ ಗ್ರೇಷಿಯನ್. ತಂದೆಯ ಕುಡಿತದಿಂದ ಸಂಸಾರ ಒಡೆಯಿತು. ತಾಯಿ ಇಂಗ್ಲೆಂಡಿಗೆ ಹೋದರು. 1954ರಲ್ಲಿ, ಹನ್ನೊಂದರ ಆಸುಪಾಸಿನ ಹುಡುಗ ಹಡಗು ಹತ್ತಿ ತಾಯಿಯಿದ್ದಲ್ಲಿಗೆ ಹೊರಟ. ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಶಾಲೆ ಮುಗಿಯಿತು. 1962ರಲ್ಲಿ ಕೆನಡಾ.

ಕ್ವಿಬೆಕ್ ಪ್ರಾಂತ್ಯದ ಬಿಷಪ್ಸ್ ವಿಶ್ವವಿದ್ಯಾಲಯದಲ್ಲಿ ಓದು ಶುರುವಾಯಿತು. 1965ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಿಂದ ಬಿ.ಎ., 1967ರಲ್ಲಿ ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಿಂದ ಎಂ.ಎ. ಆಮೇಲೆ ಮೊದಲು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ, 1971ರಿಂದ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಗ್ಲೆಂಡನ್ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಇಷ್ಟೆಲ್ಲ ಆದ ಮೇಲೆ ಅವರನ್ನು ಒಂದೇ ದೇಶದ ಲೆಕ್ಕಕ್ಕೆ ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಟೊರಾಂಟೊ ನಗರದ ಬಗ್ಗೆ ಅವರಷ್ಟು ಪ್ರೀತಿಯಿಂದ ಬರೆದವರು ಕಡಿಮೆ. ಸಿಲೋನಿನ ಬಗ್ಗೆಯೂ ಅಷ್ಟೇ.

ಹೆಸರನ್ನು ಹೇಗೆ ಹೇಳಬೇಕು?

ಒಂಡಾಚಿ, ಒತ್ತು ನಡುವಿನ 'ಡಾ' ಮೇಲೆ. ಕನ್ನಡ ಬರಹಗಳಲ್ಲಿ 'ಒಂಡಾಟ್ಜೆ' ಎಂದು ಕಂಡರೆ ಅದೂ ಇವರೇ.

ಮೊದಲು ಕವಿಯೋ, ಕಾದಂಬರಿಕಾರರೋ?

ಮೊದಲು ಕವಿ. ಇದನ್ನು ಮರೆತು ಕಾದಂಬರಿ ಹಿಡಿದವರೇ ಅರ್ಧಕ್ಕೆ ಬಿಡುವುದು ಹೆಚ್ಚು. ಮೊದಲ ಸಂಕಲನ 'ದ ಡೇಂಟಿ ಮಾನ್‌ಸ್ಟರ್ಸ್' 1967ರಲ್ಲಿ ಟೊರಾಂಟೊದ ಕೋಚ್ ಹೌಸ್ ಪ್ರೆಸ್ಸಿನಿಂದ ಬಂತು. ಅದು ಕವಿಗಳು ತಾವೇ ನಿಂತು ಅಚ್ಚು ಹಾಕುತ್ತಿದ್ದ ಸಣ್ಣ ಮುದ್ರಣಾಲಯ. ಒಂಡಾಚಿ ಮುಂದೆ ಅಲ್ಲಿ ಸಂಪಾದಕರಾಗಿಯೂ ದುಡಿದರು.

1970ರ 'ದ ಕಲೆಕ್ಟೆಡ್ ವರ್ಕ್ಸ್ ಆಫ್ ಬಿಲ್ಲಿ ದ ಕಿಡ್' ಹೆಸರು ಮಾಡಿದ ಪುಸ್ತಕ. ಅಮೆರಿಕದ ಪಶ್ಚಿಮದಲ್ಲಿ 1881ರಲ್ಲಿ ಷರೀಫ್ ಪ್ಯಾಟ್ ಗ್ಯಾರೆಟ್‌ನ ಗುಂಡಿಗೆ ಸತ್ತ ಬಿಲ್ಲಿ ಎಂಬ ದುಷ್ಕರ್ಮಿ ಯುವಕನ ಸುತ್ತ ಪದ್ಯ, ಗದ್ಯ, ಕಲ್ಪಿತ ಸಂದರ್ಶನ, ಫೋಟೊಗಳನ್ನು ಸೇರಿಸಿ ಕಟ್ಟಿದ್ದು. ಪುಸ್ತಕ ಶುರುವಾಗುವುದು ಒಂದು ಖಾಲಿ ಚೌಕಟ್ಟಿನಿಂದ: ಬಿಲ್ಲಿಯ ಫೋಟೊ ಇರಬೇಕಾದ ಜಾಗದಲ್ಲಿ ಬಿಳಿ ಕಾಗದ. ಕೊನೆಯಲ್ಲಿ ಕೌಬಾಯ್ ವೇಷ ಹಾಕಿದ ಪುಟ್ಟ ಹುಡುಗನೊಬ್ಬನ ಚಿತ್ರ. ಆ ಹುಡುಗ ಸಿಲೋನಿನಲ್ಲಿದ್ದ ಒಂಡಾಚಿಯೇ. ಕೃತಿಗೆ ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಬಂದಾಗ ಮಾಜಿ ಪ್ರಧಾನಿ ಜಾನ್ ಡೀಫನ್‌ಬೇಕರ್ ಬಹಿರಂಗವಾಗಿಯೇ ಸಿಡುಕಿದರು.

ಆ ಖಾಲಿ ಚೌಕಟ್ಟನ್ನು ನೆನಪಿಟ್ಟುಕೊಳ್ಳಿ. ದಾಖಲೆ ಎಲ್ಲಿ ಖಾಲಿ ಬಿಟ್ಟಿದೆಯೋ ಅಲ್ಲಿ ಕಥೆ ಕಟ್ಟುವುದೇ ಮುಂದೆ ಅವರ ಅನೇಕ ದೊಡ್ಡ ಕೃತಿಗಳ ಕೆಲಸವಾಯಿತು.

ಅಂದರೆ? ಒಂದು ಉದಾಹರಣೆ ಕೊಡಿ.

1976ರ ಮೊದಲ ಕಾದಂಬರಿ 'ಕಮಿಂಗ್ ಥ್ರೂ ಸ್ಲಾಟರ್' ನೋಡಿ. ನಾಯಕ ಬಡ್ಡಿ ಬೋಲ್ಡನ್, ನ್ಯೂ ಆರ್ಲಿಯನ್ಸಿನ ಕಾರ್ನೆಟ್ ವಾದಕ, ಜಾಝ್ ಸಂಗೀತದ ಮೂಲಪುರುಷರಲ್ಲೊಬ್ಬ. ಹುಟ್ಟು 1877. 1907ರಲ್ಲಿ ಲೂಸಿಯಾನಾದ ಸರ್ಕಾರಿ ಹುಚ್ಚಾಸ್ಪತ್ರೆಗೆ ಸೇರಿಸಿದರು. 1931ರಲ್ಲಿ ಅಲ್ಲೇ ತೀರಿಕೊಂಡ. ಅವನ ವಾದನದ ಒಂದು ಧ್ವನಿಮುದ್ರಣವೂ ಉಳಿದಿಲ್ಲ. ಉಳಿದಿರುವುದು ವಾದ್ಯಗೋಷ್ಠಿಯ ಜೊತೆ ನಿಂತ ಒಂದೇ ಒಂದು ಮಸುಕು ಫೋಟೊ. ಸ್ಲಾಟರ್ ಎಂಬುದು ಆಸ್ಪತ್ರೆಯ ದಾರಿಯಲ್ಲಿ ಸಿಗುವ ಊರು.

ಯಾರೂ ಕೇಳಿರದ ಸಂಗೀತವನ್ನು ಬರೆಯುವುದು ಹೇಗೆ? ಒಂಡಾಚಿ ಚಿಕ್ಕಚಿಕ್ಕ ತುಣುಕುಗಳನ್ನು, ಆಸ್ಪತ್ರೆಯ ದಾಖಲೆಯನ್ನು, ಹಾಡುಗಳ ಪಟ್ಟಿಯನ್ನು, ಬೇರೆಬೇರೆಯವರ ಮಾತನ್ನು ಒಂದರ ಪಕ್ಕ ಒಂದಿಟ್ಟರು. ಎಚ್ಚರಿಕೆ: ಇದನ್ನು ಜೀವನಚರಿತ್ರೆ ಎಂದು ಓದಬೇಡಿ. ಫೋಟೊಗ್ರಾಫರ್ ಬೆಲಾಕ್ ಇಲ್ಲಿ ತನ್ನ ಕೋಣೆಗೆ ಬೆಂಕಿ ಹಚ್ಚಿಕೊಂಡು ಸಾಯುತ್ತಾನೆ. ನಿಜವಾದ ಬೆಲಾಕ್ 1949ರವರೆಗೆ ಬದುಕಿದ್ದ.

ಯಾವ ಪುಸ್ತಕದಿಂದ ಶುರು ಮಾಡಲಿ?

ಹೆಚ್ಚಿನವರು 'ದಿ ಇಂಗ್ಲಿಷ್ ಪೇಷಂಟ್' ಎತ್ತಿಕೊಳ್ಳುತ್ತಾರೆ, ನಲವತ್ತು ಪುಟಕ್ಕೆ ನಿಲ್ಲಿಸುತ್ತಾರೆ. ನಮ್ಮ ಸಲಹೆ ಬೇರೆ. ಮೊದಲು 'ರನ್ನಿಂಗ್ ಇನ್ ದ ಫ್ಯಾಮಿಲಿ' (1982). ಚಿಕ್ಕ ಅಧ್ಯಾಯಗಳು, ನಗು ತರಿಸುವ ಬಂಧುಬಳಗ, ಹಲಸು, ಮಳೆ, ಟೀ ತೋಟ, ರೈಲು. ದಕ್ಷಿಣ ಭಾರತದ ಓದುಗರಿಗೆ ಈ ಪುಸ್ತಕದ ಹವೆ ಹೊಸದೇನಲ್ಲ. ತುಂಡುತುಂಡಾಗಿ ಹೇಳುವ ಅವರ ರೀತಿಯೂ ಇಲ್ಲೇ ಅಭ್ಯಾಸವಾಗುತ್ತದೆ.

ಆಮೇಲೆ 'ಇನ್ ದ ಸ್ಕಿನ್ ಆಫ್ ಎ ಲಯನ್' (1987), ಅದು ಮುಗಿದ ಮೇಲೆ 'ದಿ ಇಂಗ್ಲಿಷ್ ಪೇಷಂಟ್' (1992). ಈ ಎರಡರ ಕ್ರಮ ತಪ್ಪಿಸಬೇಡಿ. ನೇರ ಕಥೆಯೇ ಬೇಕೆನ್ನುವವರು 'ದ ಕ್ಯಾಟ್ಸ್ ಟೇಬಲ್'ನಿಂದ (2011) ಶುರು ಮಾಡಬಹುದು. ಅವರ ಕಾದಂಬರಿಗಳಲ್ಲಿ ಅತ್ಯಂತ ಸಲೀಸಾಗಿ ಓದಿಸಿಕೊಳ್ಳುವುದು ಅದೇ. 'ಡಿವಿಸಡೇರೊ' (2007) ಕೊನೆಗಿರಲಿ. ಅದು ಕ್ಯಾಲಿಫೋರ್ನಿಯಾದ ಒಂದು ಕುಟುಂಬದ ಕಥೆಯನ್ನು ನಡುವೆಯೇ ಬಿಟ್ಟು ಫ್ರಾನ್ಸಿನ ಲೇಖಕನೊಬ್ಬನ ಬದುಕಿಗೆ ಹೊರಳುತ್ತದೆ, ಮತ್ತೆ ಹಿಂತಿರುಗುವುದಿಲ್ಲ. ಒಂಡಾಚಿಯವರ ಮೇಲೆ ಭರವಸೆ ಹುಟ್ಟಿದ ಮೇಲೆ ಓದಿದರೆ ಆ ತಿರುವು ದಕ್ಕುತ್ತದೆ.

ಆ ಎರಡು ಕಾದಂಬರಿಗಳ ಕ್ರಮ ಯಾಕೆ ಅಷ್ಟು ಮುಖ್ಯ?

ಪಾತ್ರಗಳು ಒಂದೇ. 'ಸ್ಕಿನ್ ಆಫ್ ಎ ಲಯನ್'ನಲ್ಲಿ ಹಾನಾ ಚಿಕ್ಕ ಹುಡುಗಿ, ಕ್ಯಾರವಾಜಿಯೊ ಟೊರಾಂಟೊದ ಕಳ್ಳ. ಪ್ಯಾಟ್ರಿಕ್ ಲೂಯಿಸ್ ಹಾನಾಳನ್ನು ಮಗಳಂತೆ ಸಾಕುತ್ತಾನೆ. 'ಇಂಗ್ಲಿಷ್ ಪೇಷಂಟ್'ಗೆ ಬರುವಷ್ಟರಲ್ಲಿ 1945. ಹಾನಾ ಯುದ್ಧದ ನರ್ಸು, ಕ್ಯಾರವಾಜಿಯೊ ಹೆಬ್ಬೆರಳುಗಳನ್ನು ಕಳೆದುಕೊಂಡ ಗೂಢಚಾರ.

ಇಟಲಿಯ ಪಾಳುಬಿದ್ದ ಬಂಗಲೆಯಲ್ಲಿ, ಎಲ್ಲರೂ ಹೊರಟುಹೋದ ಮೇಲೂ, ಹೆಸರೇ ಗೊತ್ತಿಲ್ಲದ ಸುಟ್ಟ ರೋಗಿಯೊಬ್ಬನಿಗಾಗಿ ಹಾನಾ ಯಾಕೆ ಉಳಿಯುತ್ತಾಳೆ? ಪ್ಯಾಟ್ರಿಕ್ ಕೂಡ ಫ್ರಾನ್ಸಿನಲ್ಲಿ ಸುಟ್ಟಗಾಯಗಳಿಂದ ಸತ್ತಿದ್ದ, ಪಾರಿವಾಳದ ಗೂಡುಕಟ್ಟಡವೊಂದರಲ್ಲಿ; ಆಗ ಅವಳು ಪಕ್ಕದಲ್ಲಿರಲಿಲ್ಲ. ಈ ವಿಷಯ ಕಾದಂಬರಿಯ ಕೊನೆಯ ಭಾಗದಲ್ಲಿ, ಒಂದು ಪತ್ರದಲ್ಲಿ ಸದ್ದಿಲ್ಲದೆ ಬರುತ್ತದೆ. ಮೊದಲ ಪುಸ್ತಕ ಓದದವರಿಗೆ ಪ್ಯಾಟ್ರಿಕ್ ಬರೀ ಒಂದು ಹೆಸರು. ಓದಿದವರಿಗೆ ಅವಳು ಮಾಡಿದ ಶುಶ್ರೂಷೆಯೆಲ್ಲ ಆ ಒಂದು ಪುಟದಲ್ಲಿ ಬೆಳಗಿಬಿಡುತ್ತದೆ.

'ಇಂಗ್ಲಿಷ್ ಪೇಷಂಟ್' ಓದುತ್ತ ದಾರಿ ತಪ್ಪುತ್ತೇನೆ. ಎಲ್ಲಿ ತೊಡಕು?

ಸಾಮಾನ್ಯವಾಗಿ ಎರಡು ಕಡೆ. ಒಂದು, ಹೆಸರು ಹೇಳದೆ 'ಅವನು', 'ಅವಳು' ಎಂದೇ ಪುಟಗಟ್ಟಲೆ ಸಾಗುವುದು. ಇನ್ನೊಂದು, ಹೇಳದೆ ಕೇಳದೆ ಕಾಲ ಬದಲಾಗುವುದು. ಪುಸ್ತಕದಲ್ಲಿ ಹತ್ತು ಅಧ್ಯಾಯಗಳಿವೆ. ಇಷ್ಟು ತಿಳಿದಿದ್ದರೆ ಸಾಕು:

- 1ರಿಂದ 3: 1945ರ ಇಟಲಿ. ಮೂರನೆಯದರಲ್ಲಿ ಸಿಖ್ ಸೈನಿಕ ಕಿಪ್, ಅಂದರೆ ಕಿರ್ಪಾಲ್ ಸಿಂಗ್, ಕಥೆಯ ಮುನ್ನೆಲೆಗೆ ಬರುತ್ತಾನೆ.
- 4 ಮತ್ತು 5: 1930ರ ದಶಕದ ಕೈರೊ ಮತ್ತು ಮರುಭೂಮಿ, ಕ್ಯಾಥರಿನ್ ಎಂಬವಳ ಜೊತೆ ರೋಗಿಗಿದ್ದ ಪ್ರೇಮ.
- 7: ಕಿಪ್ ಇಂಗ್ಲೆಂಡಿನಲ್ಲಿ ಬಾಂಬು ಬಿಚ್ಚುವ ವಿದ್ಯೆ ಕಲಿತ ಕಾಲ.
- 9: ಈಜುಗಾರರ ಗುಹೆ, ಮತ್ತೆ ಮರುಭೂಮಿ.
- 10: 1945ರ ಆಗಸ್ಟ್.

6 ಮತ್ತು 8ರಲ್ಲಿ ಬಂಗಲೆಯ ಬದುಕೂ ಹಿಂದಿನ ನೆನಪೂ ಹೆಣೆದುಕೊಂಡಿವೆ. ಅಲ್ಲಿ ನಿಧಾನಿಸಿ. ರೋಗಿ ಮಾರ್ಫಿನ್ ಅಮಲಿನಲ್ಲಿ ಮಾತಾಡುತ್ತಾನೆ. ತನ್ನನ್ನೇ ಮೂರನೆಯವನಂತೆ ಹೇಳಿಕೊಳ್ಳುತ್ತಾನೆ. ಗೊಂದಲ ಅವನದು. ಓದುಗ ತಾನು ದಡ್ಡನೇನೋ ಎಂದುಕೊಳ್ಳಬೇಕಾಗಿಲ್ಲ.

ಏಳನೆಯ ಅಧ್ಯಾಯಕ್ಕೆ ಹೆಚ್ಚು ಸಮಯ ಕೊಡಿ. ಅಲ್ಲಿ ಬರುವ ಲಾರ್ಡ್ ಸಫೋಕ್ ನಿಜವಾಗಿ ಇದ್ದವರು. 1941ರ ಮೇ ತಿಂಗಳಲ್ಲಿ ಬಾಂಬು ನಿಷ್ಕ್ರಿಯಗೊಳಿಸುವಾಗ ಸ್ಫೋಟಗೊಂಡು, ತಮ್ಮ ಕಾರ್ಯದರ್ಶಿ ಮತ್ತು ಚಾಲಕನ ಜೊತೆ ಸತ್ತರು. ಮರಣೋತ್ತರವಾಗಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ತಂತಿ, ಫ್ಯೂಸು, ಉಸಿರು ಬಿಗಿಹಿಡಿದ ಕೈ: ಕೆಲಸವೊಂದನ್ನು ಇಷ್ಟು ಹತ್ತಿರದಿಂದ ಬರೆಯುವುದು ಒಂಡಾಚಿಯವರ ದೊಡ್ಡ ಶಕ್ತಿ.

ಆ ರೋಗಿ, ಅಲ್ಮಾಶಿ, ನಿಜವಾದ ವ್ಯಕ್ತಿಯೇ?

ಹೆಸರು ಮತ್ತು ಮರುಭೂಮಿಯ ಅನ್ವೇಷಣೆ ನಿಜ, ಪ್ರೇಮಕಥೆ ಕಲ್ಪನೆ. ಹಂಗೇರಿಯ ಲಾಸ್ಲೊ ಅಲ್ಮಾಶಿ (1895–1951) ಲಿಬಿಯಾ ಮರುಭೂಮಿ ಸುತ್ತಿದವನು; ಈಜುವ ಆಕೃತಿಗಳ ಶಿಲಾಚಿತ್ರಗಳಿರುವ ಗಿಲ್ಫ್ ಕೆಬೀರ್ ಗುಹೆಯನ್ನು 1933ರಲ್ಲಿ ಹೊರಜಗತ್ತಿಗೆ ತೋರಿಸಿದವನು. 1942ರಲ್ಲಿ ಜರ್ಮನ್ ಸೇನೆಗಾಗಿ ಇಬ್ಬರು ಗೂಢಚಾರರನ್ನು ಮರುಭೂಮಿ ದಾಟಿಸಿ ಈಜಿಪ್ಟಿಗೆ ಮುಟ್ಟಿಸಿದ. ವಿಮಾನಕ್ಕೆ ಬೆಂಕಿ ಹತ್ತಿ ಸುಟ್ಟುಹೋದವನಲ್ಲ. ಯುದ್ಧ ಮುಗಿದು ಆರು ವರ್ಷದ ಮೇಲೆ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ನಲ್ಲಿ ಕಾಯಿಲೆಯಿಂದ ಸತ್ತ.

ನಾಜಿಗಳಿಗೆ ನೆರವಾದವನನ್ನು ಪ್ರೇಮಿಯನ್ನಾಗಿ ಮಾಡಿದ್ದು ತಪ್ಪು ಎಂಬ ಆಕ್ಷೇಪ ಸಿನಿಮಾ ಬಂದಾಗ ಜೋರಾಗಿ ಕೇಳಿಬಂತು. ಆಕ್ಷೇಪಕ್ಕೆ ತೂಕವಿದೆ. ಆದರೆ ಸಿನಿಮಾ ನೋಡಿದವರಿಗೆ ಹುಟ್ಟುವ ಮರುಕ ಕಾದಂಬರಿಯಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅಲ್ಲಿ ಕ್ಯಾರವಾಜಿಯೊ ಅವನನ್ನು ಬಿಡದೆ ಕೆದಕುತ್ತಾನೆ, ಕಿಪ್ ಕೊನೆಗೆ ಬಂದೂಕನ್ನೇ ಅವನತ್ತ ತಿರುಗಿಸುತ್ತಾನೆ.

ಸಿನಿಮಾ ನೋಡಿದ್ದೇನೆ. ಪುಸ್ತಕ ಓದಬೇಕೇ?

ಖಂಡಿತ ಓದಬೇಕು. ಆಂಥನಿ ಮಿಂಗೆಲ್ಲಾ ಚಿತ್ರಕಥೆ ಬರೆದು ನಿರ್ದೇಶಿಸಿದ 1996ರ ಸಿನಿಮಾ ಒಳ್ಳೆಯದೇ. ಅತ್ಯುತ್ತಮ ಚಿತ್ರವೂ ಸೇರಿ ಒಂಬತ್ತು ಆಸ್ಕರ್ ಪಡೆಯಿತು. ಆದರೆ ಅದು ಅಲ್ಮಾಶಿ–ಕ್ಯಾಥರಿನ್ ಪ್ರೇಮವನ್ನು ನಡುಮನೆಗೆ ತಂದು ಕಿಪ್‌ನನ್ನು ಜಗಲಿಯಲ್ಲಿ ಕೂರಿಸಿತು. ಕಾದಂಬರಿಯ ಕೊನೆಯಲ್ಲಿ ಕಿಪ್ ರೇಡಿಯೊದಲ್ಲಿ ಜಪಾನಿನ ಮೇಲೆ ಅಣುಬಾಂಬು ಬಿದ್ದ ಸುದ್ದಿ ಕೇಳುತ್ತಾನೆ. ಬಿಳಿಯರ ದೇಶದ ಮೇಲಾಗಿದ್ದರೆ ಇದನ್ನು ಹಾಕುತ್ತಿರಲಿಲ್ಲ ಎಂಬುದು ಬಂಗಲೆಯಲ್ಲಿರುವವರಿಗೆ ಹೊಳೆಯುತ್ತದೆ. ಇಷ್ಟು ವರ್ಷ ಇಂಗ್ಲಿಷರಿಗಾಗಿ ಬಾಂಬು ಬಿಚ್ಚಿದ ಪಂಜಾಬಿನ ಯುವಕ ಮೋಟರ್‌ಸೈಕಲ್ ಹತ್ತಿ ಎಲ್ಲರನ್ನೂ ಬಿಟ್ಟು ಹೊರಡುತ್ತಾನೆ. ಮುಂದೆ ಭಾರತದಲ್ಲಿ ವೈದ್ಯನಾಗುತ್ತಾನೆ. ಬ್ರಿಟಿಷರನ್ನು ಎದುರಿಸಿ ಜೈಲು ಕಂಡ ಅವನ ಅಣ್ಣನ ಮಾತು ಆ ಸುದ್ದಿ ಕೇಳಿದಾಗಲೇ ಅವನಿಗೆ ತಟ್ಟಿರುತ್ತದೆ. ಅಣುಬಾಂಬಿನ ಸುದ್ದಿಯಾಗಲಿ ಅಣ್ಣನ ಮಾತಾಗಲಿ ಸಿನಿಮಾದಲ್ಲಿ ಇಲ್ಲ. ಭಾರತೀಯ ಓದುಗರಿಗೆ ಕಾದಂಬರಿಯ ಬೆನ್ನೆಲುಬೇ ಇದು.

ಕೊಳ್ಳುವಾಗ ಗಮನಿಸಿ: ಮಿಂಗೆಲ್ಲಾ ಅವರ ಚಿತ್ರಕಥೆಯೂ ಅದೇ ಹೆಸರಿನಲ್ಲಿ ಪ್ರತ್ಯೇಕ ಪುಸ್ತಕವಾಗಿದೆ. ರಕ್ಷಾಪುಟದಲ್ಲಿ ಲೇಖಕರ ಹೆಸರು ನೋಡಿ ತೆಗೆದುಕೊಳ್ಳಿ.

ಒಂಡಾಚಿಗೆ ಬಂದ ಬುಕರ್, ಬಾನು ಮುಷ್ತಾಕ್ ಅವರಿಗೆ ಬಂದ ಬುಕರ್ ಒಂದೇನಾ?

ಅಲ್ಲ. ಒಂಡಾಚಿಗೆ 1992ರಲ್ಲಿ ಬಂದದ್ದು ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ ಕೊಡುವ ಬುಕರ್. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಬಂದದ್ದು ಅಂತಾರಾಷ್ಟ್ರೀಯ ಬುಕರ್. ಅದು ಇಂಗ್ಲಿಷಿಗೆ ಅನುವಾದವಾದ ಕೃತಿಗೆ, ಹಣ ಲೇಖಕರಿಗೂ ಅನುವಾದಕರಿಗೂ ಸಮಪಾಲು. ಹಾಗಾಗಿ ದೀಪಾ ಭಾಸ್ತಿ ಅವರೂ ಪ್ರಶಸ್ತಿ ಪುರಸ್ಕೃತರೇ.

1992ರ ಬುಕರ್ ಕೂಡ ಇಬ್ಬರಿಗೆ ಹಂಚಿಹೋಗಿತ್ತು: ಒಂಡಾಚಿ ಮತ್ತು ಬ್ಯಾರಿ ಅನ್ಸ್‌ವರ್ತ್. ಅದಾದ ಮೇಲೆ ಹಂಚಬಾರದೆಂದು ನಿಯಮ ಮಾಡಿದರು. 2019ರ ತೀರ್ಪುಗಾರರು ಆ ನಿಯಮ ಮುರಿದು ಮಾರ್ಗರೆಟ್ ಅಟ್ವುಡ್ ಮತ್ತು ಬರ್ನಡೀನ್ ಎವರಿಸ್ಟೊ ಇಬ್ಬರಿಗೂ ಕೊಟ್ಟರು. ಬುಕರ್ ಗೆದ್ದ ಮೊದಲ ಕೆನಡಿಯನ್ ಒಂಡಾಚಿ. 2018ರಲ್ಲಿ ಬುಕರ್‌ನ ಐವತ್ತು ವರ್ಷದ ನೆನಪಿಗೆ ದಶಕಕ್ಕೊಂದರಂತೆ ಐದು ಪುಸ್ತಕ ಆರಿಸಿ ಓದುಗರ ಮತಕ್ಕೆ ಹಾಕಿದಾಗಲೂ 'ಇಂಗ್ಲಿಷ್ ಪೇಷಂಟ್' ಗೆದ್ದಿತು. ತಮ್ಮದೇ ಅತ್ಯುತ್ತಮ ಎಂದು ತಾವು ನಂಬುವುದಿಲ್ಲ, ಈ ಮತಗಳಲ್ಲಿ ಮಿಂಗೆಲ್ಲಾ ಅವರ ಪಾಲೂ ಇರಬೇಕು ಎಂಬರ್ಥದ ಮಾತನ್ನು ಅವರು ವೇದಿಕೆಯಲ್ಲೇ ಆಡಿದರು.

ಬುಕರ್ ಹಣದಿಂದ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ಶ್ರೀಲಂಕಾದಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆಯುವವರಿಗಾಗಿ ತಾಯಿಯ ಮನೆತನದ ಹೆಸರಿನಲ್ಲಿ ಗ್ರೇಷಿಯನ್ ಪ್ರಶಸ್ತಿ ಸ್ಥಾಪಿಸಿದರು. 2022ರ ಬುಕರ್ ಗೆದ್ದ ಶೆಹಾನ್ ಕರುಣಾತಿಲಕ ಅದಕ್ಕೂ ಹಲವು ವರ್ಷ ಮೊದಲು ಗ್ರೇಷಿಯನ್ ಪಡೆದಿದ್ದವರು.

ಬೇರೆ ಪ್ರಶಸ್ತಿಗಳು?

ಕೆನಡಾದ ಗವರ್ನರ್ ಜನರಲ್ ಪ್ರಶಸ್ತಿ ಐದು ಸಲ: 1970, 1979, 1992, 2000, 2007. 'ಅನಿಲ್ಸ್ ಘೋಸ್ಟ್'ಗೆ 2000ದಲ್ಲಿ ಗಿಲ್ಲರ್ ಪ್ರಶಸ್ತಿ, ಅದೂ ಡೇವಿಡ್ ಆಡಮ್ಸ್ ರಿಚರ್ಡ್ಸ್ ಜೊತೆ ಹಂಚಿಕೊಂಡು. ಫ್ರಾನ್ಸಿನ ಮೆಡಿಸಿ ಪ್ರಶಸ್ತಿಯೂ ಆ ವರ್ಷವೇ.

'ಅನಿಲ್ಸ್ ಘೋಸ್ಟ್'ನ ಅನಿಲ್ ಯಾರು? ಪತ್ತೇದಾರಿ ಕಥೆಯೇ?

ಅನಿಲ್ ಹೆಣ್ಣು. ಅಣ್ಣನ ಹೆಸರನ್ನು ಹಟ ಹಿಡಿದು ಅವನಿಂದಲೇ ಕೊಂಡುಕೊಂಡವಳು. ಮೂಳೆಗಳನ್ನು ಓದಿ ಸಾವಿನ ಕಾರಣ ಹೇಳುವ ತಜ್ಞೆ. ಜಿನೀವಾದ ಮಾನವ ಹಕ್ಕು ಸಂಸ್ಥೆಯ ಪರವಾಗಿ ಹದಿನೈದು ವರ್ಷದ ಮೇಲೆ ಶ್ರೀಲಂಕಾಕ್ಕೆ ಮರಳುತ್ತಾಳೆ. ಸರ್ಕಾರ, ದಕ್ಷಿಣದ ಬಂಡುಕೋರರು, ಉತ್ತರದ ಪ್ರತ್ಯೇಕತಾವಾದಿಗಳು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲ. ಸರ್ಕಾರದ ಕಾವಲಿರುವ ಜಾಗದಲ್ಲಿ ಹಳೆಯ ಎಲುಬುಗಳ ನಡುವೆ ಇತ್ತೀಚಿನ ಒಂದು ಅಸ್ಥಿಪಂಜರ ಸಿಗುತ್ತದೆ. ಅದು ಯಾರದೆಂದು ಹೇಳಿದರೆ ಹೆಸರಿಲ್ಲದೆ ಸತ್ತ ಎಲ್ಲರ ಪರವಾಗಿ ಮಾತಾಡಿದಂತೆ.

ಕೊಲೆಗಾರ ಯಾರೆಂದು ಕಾದು ಕೂತರೆ ನಿರಾಶೆಯಾಗುತ್ತದೆ. ಅರ್ಧ ದಾರಿಯಲ್ಲಿ ಕಾದಂಬರಿ ಅನಿಲ್‌ಳನ್ನು ಬಿಟ್ಟು ಯುದ್ಧದ ಆಸ್ಪತ್ರೆಯ ವೈದ್ಯ ಗಾಮಿನಿಯ ಹಿಂದೆ ಹೋಗುತ್ತದೆ. ಅವನ ಪುಟಗಳೇ ಪುಸ್ತಕದ ತಿರುಳು. ಕೊನೆಯಲ್ಲಿ ಆನಂದ ಎಂಬ ಕಲಾವಿದ ಬುದ್ಧನ ಮೂರ್ತಿಗೆ ಕಣ್ಣು ಬರೆಯುತ್ತಾನೆ. ಆ ನೇತ್ರ ಮಂಗಲದಲ್ಲಿ ಕಲಾವಿದ ಮೂರ್ತಿಯನ್ನು ನೇರ ನೋಡುವಂತಿಲ್ಲ, ಕನ್ನಡಿ ಹಿಡಿದು ಪ್ರತಿಬಿಂಬದಲ್ಲಿ ನೋಡುತ್ತ ಬರೆಯಬೇಕು. ನಮ್ಮ ದೇವಸ್ಥಾನಗಳ ಪ್ರತಿಷ್ಠೆಯಲ್ಲಿ ನಡೆಯುವ ನೇತ್ರೋನ್ಮೀಲನ ಕಂಡವರಿಗೆ ಈ ಅಧ್ಯಾಯಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ.

'ರನ್ನಿಂಗ್ ಇನ್ ದ ಫ್ಯಾಮಿಲಿ', 'ಕ್ಯಾಟ್ಸ್ ಟೇಬಲ್' ಆತ್ಮಕಥೆಗಳೇ?

ಮೊದಲನೆಯದು ಕುಟುಂಬದ ನೆನಪುಗಳ ಪುಸ್ತಕ. 1978 ಮತ್ತು 1980ರಲ್ಲಿ ಶ್ರೀಲಂಕಾಕ್ಕೆ ಹೋಗಿ ಬಂಧುಗಳ ಮಾತು ಕೇಳಿ ಬರೆದದ್ದು. ಆದರೆ ಅಜ್ಜಿ ಲಾಲಾ ಪ್ರವಾಹದಲ್ಲಿ ತೇಲಿಹೋದ ಕೊನೆಯ ಗಳಿಗೆಯನ್ನು ಯಾರೂ ಕಂಡಿರಲಿಲ್ಲ. ಅದನ್ನು ಮೊಮ್ಮಗ ಕಲ್ಪಿಸಿದ್ದಾರೆ. ಗಾಳಿಮಾತನ್ನು ಗಾಳಿಮಾತಾಗಿಯೇ ಉಳಿಸಿಕೊಂಡದ್ದರಲ್ಲಿ ಅದರ ಸೊಗಸಿದೆ. ತಂದೆಯ ಬಗೆಗಿನ ಕೊನೆಯ ಪುಟಗಳು ಮಾತ್ರ ನಗುವಿಗೆ ಜಾಗ ಕೊಡುವುದಿಲ್ಲ.

ಎರಡನೆಯದು ಕಾದಂಬರಿ. ಮೈಕಲ್ ಎಂಬ ಹನ್ನೊಂದರ ಹುಡುಗ 1954ರಲ್ಲಿ ಒರಾನ್ಸೇ ಹಡಗಿನಲ್ಲಿ 21 ದಿನ ಇಂಗ್ಲೆಂಡಿಗೆ ಪಯಣಿಸುತ್ತಾನೆ. ಊಟಕ್ಕೆ ಅವನಿಗೆ ಸಿಗುವುದು ಕ್ಯಾಪ್ಟನ್ನನ ಮೇಜಿನಿಂದ ಅತಿ ದೂರದ್ದು. ಹೆಸರು, ವಯಸ್ಸು, ವರ್ಷ ಎಲ್ಲ ಲೇಖಕರಿಗೆ ಹೊಂದಿದರೂ ಘಟನೆಗಳು ಕಲ್ಪಿತ. ಇದನ್ನು ಪುಸ್ತಕದ ಕೊನೆಯಲ್ಲಿ ಅವರೇ ಹೇಳಿದ್ದಾರೆ.

ಅವರು ಬರೆಯುವ ಕ್ರಮ ಹೇಗೆ?

ನೋಟ್‌ಬುಕ್ಕಿನಲ್ಲಿ, ಕೈಬರಹದಲ್ಲಿ. ಕಥೆಯ ನಕ್ಷೆ ಹಾಕಿಕೊಂಡು ಕೂರುವವರಲ್ಲ. 'ಇಂಗ್ಲಿಷ್ ಪೇಷಂಟ್' ಹುಟ್ಟಿದ್ದು ಮರುಭೂಮಿಯಲ್ಲಿ ಬಿದ್ದ ವಿಮಾನ, ರೋಗಿಯ ಜೊತೆ ಮಾತಾಡುವ ನರ್ಸ್ ಎಂಬಂಥ ಬಿಡಿಚಿತ್ರಗಳಿಂದ. ಕರಡು ಮುಗಿದ ಮೇಲೆ ಕತ್ತರಿಸುವುದು, ತುಂಡುಗಳ ಸ್ಥಳ ಬದಲಿಸುವುದು ಶುರುವಾಗುತ್ತದೆ. ಈ ಕೆಲಸ ಸಿನಿಮಾ ಸಂಕಲನಕ್ಕೆ ಹತ್ತಿರ. ಅವರು 1970ರ ದಶಕದಲ್ಲಿ ಸಾಕ್ಷ್ಯಚಿತ್ರಗಳನ್ನೂ ತೆಗೆದವರು. 'ಇಂಗ್ಲಿಷ್ ಪೇಷಂಟ್' ಸಿನಿಮಾದ ಸಂಕಲನಕಾರ ವಾಲ್ಟರ್ ಮರ್ಚ್ ಜೊತೆ ನಡೆಸಿದ ಮಾತುಕತೆ 2002ರಲ್ಲಿ 'ದ ಕಾನ್ವರ್ಸೇಷನ್ಸ್' ಎಂಬ ಪುಸ್ತಕವಾಯಿತು. ಬರವಣಿಗೆ ತಿದ್ದುವುದನ್ನು ಕಲಿಯುವವರು ಓದಲೇಬೇಕಾದ ಪುಸ್ತಕ. ಕರಡು, ನೋಟ್‌ಬುಕ್‌ಗಳು ಈಗ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ‍್ಯಾನ್ಸಮ್ ಸೆಂಟರಿನಲ್ಲಿವೆ.

ಕವಿತೆಗಳಿಗೆ ಯಾವ ಪುಸ್ತಕ ಕೊಳ್ಳಲಿ?

'ದ ಸಿನಮನ್ ಪೀಲರ್' ಒಂದು, 'ಹ್ಯಾಂಡ್‌ರೈಟಿಂಗ್' (1998) ಒಂದು. ಮೊದಲನೆಯದು ಆಯ್ದ ಕವಿತೆಗಳು. ಅದಿದ್ದರೆ 1979ರ 'ದೇರ್ಸ್ ಎ ಟ್ರಿಕ್ ವಿತ್ ಎ ನೈಫ್' ಬೇಕಾಗುವುದಿಲ್ಲ. ಬಹಳಷ್ಟು ಕವಿತೆಗಳು ಎರಡರಲ್ಲೂ ಇವೆ. 'ಹ್ಯಾಂಡ್‌ರೈಟಿಂಗ್' ಪೂರ್ತಿ ಶ್ರೀಲಂಕಾದ್ದು: ಹೂತಿಟ್ಟ ಬುದ್ಧರು, ಕೆರೆಗಳು, ಬಾವಿಗಳು. ಇತ್ತೀಚಿನದು 2024ರ 'ಎ ಇಯರ್ ಆಫ್ ಲಾಸ್ಟ್ ಥಿಂಗ್ಸ್'. 'ಬಿಲ್ಲಿ ದ ಕಿಡ್' ಅನ್ನು ಮಾತ್ರ ಅಚ್ಚಿನ ಪ್ರತಿಯಲ್ಲೇ ಓದಿ. ಪುಟದ ಖಾಲಿ ಜಾಗ, ಚಿತ್ರ ನಿಂತ ಸ್ಥಳ ಎಲ್ಲವೂ ಅಲ್ಲಿ ಅರ್ಥದ ಭಾಗ. ಫೋನಿನ ಪರದೆಯಲ್ಲಿ ಅವು ಕಲಸಿಹೋಗುತ್ತವೆ.

ಒಂದೆರಡು ಕವಿತೆ ಕನ್ನಡಕ್ಕೆ ಅನುವಾದಿಸಿ ಪ್ರಕಟಿಸಬಹುದೇ?

ನಿಮಗಾಗಿ ಅನುವಾದಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಪ್ರಕಟಿಸಲು ಅನುಮತಿ ಬೇಕು. ಹಣ ಬರದ ಪತ್ರಿಕೆಯಾದರೂ ಸರಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರ ನಂತರವೂ 60 ವರ್ಷ ಇರುತ್ತದೆ, ಅನುವಾದದ ಹಕ್ಕೂ ಅದರೊಳಗೇ ಸೇರಿದೆ. ಪುಸ್ತಕದ ಹಕ್ಕುಪುಟದಲ್ಲಿರುವ ಪ್ರಕಾಶಕರ ಹಕ್ಕು ವಿಭಾಗಕ್ಕೆ ಬರೆಯಿರಿ. ಕವಿತೆಯ ಹೆಸರು, ಯಾವ ಸಂಕಲನ, ಎಷ್ಟು ಸಾಲು, ಯಾವ ಭಾಷೆ, ಎಲ್ಲಿ ಪ್ರಕಟಣೆ, ಎಷ್ಟು ಪ್ರತಿ, ಇಷ್ಟನ್ನೂ ಮೊದಲ ಪತ್ರದಲ್ಲೇ ಹೇಳಿ. ಇವು ಬಿಟ್ಟುಹೋದರೆ ಪತ್ರ ವ್ಯವಹಾರ ಸುಮ್ಮನೆ ಉದ್ದವಾಗುತ್ತದೆ.

ಟೊರಾಂಟೊದಲ್ಲಿದ್ದೇವೆ. ಕಾದಂಬರಿಯ ಜಾಗಗಳನ್ನು ನೋಡಬಹುದೇ?

ನೋಡಬಹುದು, 'ಸ್ಕಿನ್ ಆಫ್ ಎ ಲಯನ್' ಕೈಯಲ್ಲಿ ಹಿಡಿದು ಹೋಗಿ. ಸನ್ಯಾಸಿನಿ ಸೇತುವೆಯಿಂದ ಬೀಳುವ, ನಿಕೊಲಸ್ ಟೆಮೆಲ್ಕಾಫ್ ಅವಳನ್ನು ಗಾಳಿಯಲ್ಲೇ ಹಿಡಿಯುವ ಬ್ಲೋರ್ ಸೇತುವೆ 1918ರಲ್ಲಿ ತೆರೆದದ್ದು. ಕ್ಯಾಸಲ್ ಫ್ರಾಂಕ್ ನಿಲ್ದಾಣದಲ್ಲಿ ಇಳಿದು ಬ್ರಾಡ್‌ವ್ಯೂ ಕಡೆಗೆ ನಡೆದರೆ ಡಾನ್ ಕಣಿವೆಯ ಮೇಲಿನ ಭಾಗ ದಾಟುತ್ತೀರಿ. ಮೆಟ್ರೊ ಅದರ ಕೆಳ ಅಂತಸ್ತಿನಲ್ಲೇ ಓಡುತ್ತದೆ. ರೈಲು ಬರುವ ಎಷ್ಟೋ ಮೊದಲು ಆ ಅಂತಸ್ತು ಕಟ್ಟಿಟ್ಟಿದ್ದರು. ಇಂದು ಇಕ್ಕೆಲದಲ್ಲಿ ಕಾಣುವ ಸರಳುಗಳ ತಡೆ 2003ರದ್ದು, ಕಾದಂಬರಿಯ ಕಾಲದ್ದಲ್ಲ.

ಈ ಸೇತುವೆಗೆ ಎಷ್ಟು ಬಕೆಟ್ ಮರಳು ಹಿಡಿಯಿತು ಎಂಬ ಲೆಕ್ಕ ಒಂಡಾಚಿಗೆ ದಾಖಲೆಯಲ್ಲಿ ಸಿಕ್ಕಿತಂತೆ. ಕಟ್ಟಿದ ವಲಸೆ ಕೂಲಿಗಳ ಬಗ್ಗೆ ಮಾತಿರಲಿಲ್ಲ. ಟೆಮೆಲ್ಕಾಫ್ ನಿಜವಾಗಿ ಅಲ್ಲಿ ದುಡಿದ ಮ್ಯಾಸಿಡೋನಿಯಾದ ವಲಸೆಗಾರ.

ಇನ್ನೊಂದು ಜಾಗ, ಪ್ಯಾಟ್ರಿಕ್ ಸರೋವರದಡಿ ಸುರಂಗ ತೋಡುವ ಆರ್.ಸಿ. ಹ್ಯಾರಿಸ್ ನೀರು ಶುದ್ಧೀಕರಣ ಘಟಕ. ಕ್ವೀನ್ ಸ್ಟ್ರೀಟಿನ ಪೂರ್ವ ತುದಿಯಲ್ಲಿ, ವಿಕ್ಟೋರಿಯಾ ಪಾರ್ಕ್ ಅವೆನ್ಯೂ ಬಳಿ ಇದೆ. 501 ಸ್ಟ್ರೀಟ್‌ಕಾರ್ ಹಿಡಿದು ಕೊನೆಯ ನಿಲ್ದಾಣ ನೆವಿಲ್ ಪಾರ್ಕ್‌ನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಹೊರಗಿನ ಹುಲ್ಲುಹಾಸು, ಕಟ್ಟಡದ ಮುಖ ನೋಡಬಹುದು. ಅಮೃತಶಿಲೆಯ ಒಳಾಂಗಣ ನೋಡಬೇಕೆಂದರೆ ನಗರ ತನ್ನ ಕಟ್ಟಡಗಳನ್ನು ಜನರಿಗೆ ತೆರೆಯುವ 'ಡೋರ್ಸ್ ಓಪನ್' ದಿನಗಳ ಪಟ್ಟಿಯಲ್ಲಿ ಆ ವರ್ಷ ಈ ಘಟಕವಿದೆಯೇ ಎಂದು ನೋಡಿಕೊಂಡು ಹೊರಡಿ. ಘಟಕ ಈಗಲೂ ನಗರಕ್ಕೆ ನೀರು ಕೊಡುತ್ತಿರುವುದರಿಂದ ಬೇರೆ ದಿನ ಒಳಗೆ ಬಿಡುವುದಿಲ್ಲ.